ಮುಳ್ಳು ಅಲ್ಲಾಡದಿದ್ದರೆ ಮೊದಲು ಕೇಬಲ್ ನೋಡಿ: ಹಳೆ ಕಾರಿನ ಆರ್‌ಪಿಎಂ ಮೀಟರ್ ರಿಪೇರಿ

ಎಂಜಿಎ ಎಂಬ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಆರ್‌ಪಿಎಂ ಮೀಟರಿಗೆ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಮೀಟರಿಗೆ, ನಾನು ಮೊದಲ ಸಲ ಕೈ ಹಾಕಿದಾಗ ನಡೆದದ್ದಿಷ್ಟು. ಮೀಟರನ್ನು ಡ್ಯಾಶ್‌ಬೋರ್ಡಿನಿಂದ ಕಿತ್ತೆ. ಗಾಜಿನ ಸುತ್ತಲ ರಿಂಗನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದೆ. ಮುಳ್ಳು ಮುರಿದೆ. ಕಾರು ನನ್ನದಲ್ಲ, ಗೆಳೆಯನ ಮಾವನವರದು. ಆಮೇಲೆ ಗೊತ್ತಾಯಿತು, ಮೀಟರಿನಲ್ಲಿ ಏನೂ ಕೆಟ್ಟಿರಲಿಲ್ಲ. ಯಾರೋ ಹಾಕಿದ್ದ ಹೊಸ ಇನ್ನರ್ ಕೇಬಲ್ (ಒಳಗೆ ತಿರುಗುವ ತಂತಿ) ಅರ್ಧ ಇಂಚು ಗಿಡ್ಡ ಇತ್ತು, ಅದು ಮೀಟರಿನ ತೂತಿನವರೆಗೆ ಮುಟ್ಟುತ್ತಲೇ ಇರಲಿಲ್ಲ. ಇಡೀ ಆಯುಷ್ಯ ಅಂಬಾಸಿಡರ್ ಸ್ಪೀಡೋಮೀಟರ್ ಕೇಬಲ್ ಬದಲಾಯಿಸುತ್ತ ಕಳೆದ ನಮ್ಮ ಗ್ಯಾರೇಜಿನ ಹಿರಿಯರು ಅದನ್ನು ನೋಡಿ, "ಬುಡ ನೋಡದೆ ತಲೆ ಬಿಚ್ಚಿದ್ಯಲ್ಲಪ್ಪಾ" ಅಂದರು. ಅವತ್ತಿನಿಂದ ನಾನು ಮೀಟರ್ ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ.

ಈ ಬರಹ ಕೇಬಲ್‌ನಿಂದ ತಿರುಗುವ ಆರ್‌ಪಿಎಂ ಮೀಟರ್ (ಟ್ಯಾಕೋಮೀಟರ್) ಬಗ್ಗೆ ಮಾತ್ರ. ಉದಾಹರಣೆಗೆ 1955ರಿಂದ 1962ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಎಂಜಿಎ ಕಾರನ್ನೇ ಇಟ್ಟುಕೊಳ್ಳುತ್ತೇನೆ. ಟ್ರಯಂಫ್ ಟಿಆರ್, ಪೋರ್ಶೆ 356 ಇದ್ದವರಿಗೂ ಮುಕ್ಕಾಲು ಪಾಲು ಇದೇ ಕೆಲಸ. ಬೇರೆ ಆಗುವ ಕಡೆ ಹೇಳುತ್ತೇನೆ.

ನಿಮ್ಮದು ಕೇಬಲ್ ಮೀಟರ್ ಹೌದಾ?

ಮೀಟರಿನ ಹಿಂದೆ ಕೈ ಹಾಕಿ. ಬೆರಳ ಗಾತ್ರದ ಕಪ್ಪು ಕೇಬಲ್ ಒಂದು ಗೀರುಗೀರಾದ ನಟ್ಟಿನಿಂದ ನಡುವಿಗೇ ಸೇರಿದ್ದರೆ ಕೇಬಲ್ ಮೀಟರ್. ಬರೀ ವೈರುಗಳಿದ್ದರೆ ಎಲೆಕ್ಟ್ರಿಕ್, ಈ ಬರಹ ನಿಮಗಲ್ಲ. ಸ್ಮಿತ್ಸ್ ಕಂಪನಿಯ ಮೀಟರ್ ಆಗಿದ್ದರೆ ಇನ್ನೂ ಸುಲಭ. ಡಯಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಆರ್‌ಎನ್' ಎಂದು ಶುರುವಾಗುವ ನಂಬರ್ ಇದ್ದರೆ ಕೇಬಲ್ಲಿನದು, 'ಆರ್‌ವಿ' ಎಂದಿದ್ದರೆ ಕರೆಂಟಿನದು. ಆ ನಂಬರನ್ನು ಬರೆದಿಟ್ಟುಕೊಳ್ಳಿ. ಒಂದೇ ತರ ಕಾಣುವ ಎರಡು ಮೀಟರುಗಳ ಒಳಲೆಕ್ಕ ಬೇರೆ ಬೇರೆ ಇರಬಹುದು.

ಒಳಗೆ ಏನು ನಡೆಯುತ್ತದೆ

ಇದು ಗೊತ್ತಿಲ್ಲದೆ ಕೈ ಹಾಕಿದರೆ ಎಲ್ಲವೂ ಊಹೆಯ ಕೆಲಸ ಆಗುತ್ತದೆ. ಸ್ವಲ್ಪ ತಾಳ್ಮೆಯಿಂದ ಓದಿ.

ಎಂಜಿನ್ನಿನ ಯಾವುದೋ ಒಂದು ತಿರುಗುವ ಭಾಗದಿಂದ ಕೇಬಲ್ ಹೊರಡುತ್ತದೆ. ಕೇಬಲ್ಲಿನಲ್ಲಿ ಎರಡು ಪದರ. ಹೊರಗಿನದು ಔಟರ್, ಅದು ಅಲ್ಲಾಡುವುದಿಲ್ಲ. ಒಳಗಿನದು ಇನ್ನರ್, ತಂತಿ ಸುತ್ತಿ ಮಾಡಿದ ಗಟ್ಟಿ ಹುರಿ. ತಿರುಗುವುದು ಇದು. ಇನ್ನರಿನ ಚೌಕಾಕಾರದ ತುದಿ ಮೀಟರಿನ ಚೌಕ ತೂತಿನಲ್ಲಿ ಕೂತು, ಒಳಗಿರುವ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ.

ಆ ಅಯಸ್ಕಾಂತದ ಮೇಲೆ ಸಣ್ಣ ಬಟ್ಟಲಿನಂಥ ಒಂದು ಅಲ್ಯೂಮಿನಿಯಂ ಕಪ್ ಕವುಚಿಕೊಂಡಿದೆ. ಎರಡೂ ಒಂದಕ್ಕೊಂದು ಮುಟ್ಟುವುದಿಲ್ಲ. ಅಯಸ್ಕಾಂತ ತಿರುಗಿದಾಗ ಅಲ್ಯೂಮಿನಿಯಂನಲ್ಲಿ ಸುಳಿ ವಿದ್ಯುತ್ ಹುಟ್ಟುತ್ತದೆ. ಅದರ ಬಲ ಕಪ್ಪನ್ನು ತನ್ನ ಜತೆ ಎಳೆಯುತ್ತದೆ. ಕೂದಲೆಳೆಯಂಥ ಒಂದು ಸ್ಪ್ರಿಂಗ್ ಕಪ್ಪನ್ನು ವಾಪಸ್ ಎಳೆಯುತ್ತದೆ. ಈ ಜಗ್ಗಾಟ ಎಲ್ಲಿ ಸರಿಸಮ ಆಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ವೇಗ ಎರಡರಷ್ಟಾದರೆ ಎಳೆತವೂ ಎರಡರಷ್ಟು. ಅದಕ್ಕೇ ಡಯಲ್ಲಿನ ಗೆರೆಗಳು ಸಮ ದೂರದಲ್ಲಿರುತ್ತವೆ.

ಇಷ್ಟು ತಲೆಯಲ್ಲಿದ್ದರೆ ಕಾಯಿಲೆಗಳು ತಾವಾಗಿ ಅರ್ಥವಾಗುತ್ತವೆ. ಅಯಸ್ಕಾಂತ ಬಲ ಕಳೆದುಕೊಂಡರೆ ಮುಳ್ಳು ಕಮ್ಮಿ ತೋರಿಸುತ್ತದೆ. ಸ್ಪ್ರಿಂಗ್ ಸಡಿಲವಾದರೆ ಜಾಸ್ತಿ ತೋರಿಸುತ್ತದೆ. ಕಪ್ ಮತ್ತು ಅಯಸ್ಕಾಂತದ ನಡುವೆ ಗ್ರೀಸ್ ತುಂಬಿದರೆ ಕಪ್ ಅದಕ್ಕೆ ಅಂಟಿಕೊಂಡು ತಾನೂ ಸುತ್ತಲು ಹೋಗುತ್ತದೆ, ಮುಳ್ಳು ಕೊನೆಯವರೆಗೆ ಓಡಿ ಅಲ್ಲೇ ಬಡಿದುಕೊಳ್ಳುತ್ತದೆ.

ಕೇಬಲ್ ಎಲ್ಲಿಂದ ಹೊರಡುತ್ತದೆ?

ಎಂಜಿಎಯಲ್ಲಿ ಸ್ವಲ್ಪ ವಿಚಿತ್ರ. 1500 ಮತ್ತು 1600 ಮಾದರಿಗಳಲ್ಲಿ ಕೇಬಲ್ ಡೈನಮೋದ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಹಿಂಬದಿಯಿಂದ ಬರುತ್ತದೆ. ಅಲ್ಲಿ ಒಂದು ಪುಟ್ಟ ಗೇರ್ ಪೆಟ್ಟಿಗೆ ಇದೆ, ಡೈನಮೋದ ವೇಗವನ್ನು ಇಳಿಸಿ ಕೇಬಲ್ಲಿಗೆ ಕೊಡುತ್ತದೆ. ಡೈನಮೋ ತಿರುಗುವುದು ಫ್ಯಾನ್ ಬೆಲ್ಟಿನಿಂದ. ಅಂದರೆ ಬೆಲ್ಟ್ ಜಾರಿದರೆ ಆರ್‌ಪಿಎಂ ಮೀಟರ್ ಸುಳ್ಳು ಹೇಳುತ್ತದೆ!

ಟ್ರಯಂಫ್ ಟಿಆರ್ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರಿನ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಪಕ್ಕದಿಂದ ಬರುತ್ತದೆ. 1960ರ ದಶಕದ ನಡುವಿನಿಂದ 1974ರವರೆಗಿನ ಅಮೆರಿಕದ ಕಾರ್ವೆಟ್‌ನಲ್ಲೂ ಹಾಗೆಯೇ. ಪೋರ್ಶೆ 356ರಲ್ಲಿ ಎಂಜಿನ್ ಹಿಂದೆ, ಮೀಟರ್ ಮುಂದೆ. ಕೇಬಲ್ ಕಾರಿನ ಉದ್ದಕ್ಕೂ ಓಡುತ್ತದೆ.

ಹಂತ 1: ಬಾನೆಟ್ ಎತ್ತಿ ನೋಡಿ

ಪಾನಾ ಹಿಡಿಯುವ ಮೊದಲು ಎರಡು ನಿಮಿಷ ಕಣ್ಣಿಗೆ ಕೆಲಸ ಕೊಡಿ. ಎಂಜಿಎಯಲ್ಲಿ ಮುಳ್ಳು ಸತ್ತ ಹೊತ್ತಿಗೇ ಚಾರ್ಜಿಂಗಿನ ಕೆಂಪು ದೀಪವೂ ಹತ್ತಿದ್ದರೆ ಬೆಲ್ಟ್ ಹೋಗಿದೆ ಅಂತಲೇ ಲೆಕ್ಕ. ಕೂಡಲೇ ಎಂಜಿನ್ ಆಫ್ ಮಾಡಿ. ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ. ಮೀಟರ್ ಹೋದರೆ ಸಣ್ಣ ಖರ್ಚು, ಎಂಜಿನ್ ಬಿಸಿಯಾಗಿ ಸಿಲಿಂಡರ್ ಹೆಡ್ ಸೊಟ್ಟಾದರೆ ದೊಡ್ಡ ಖರ್ಚಿನ ಮಾತು.

ಬೆಲ್ಟ್ ಇದೆ, ಆದರೆ ಮುಳ್ಳು ಕಮ್ಮಿ ತೋರಿಸುತ್ತಿದೆ, ಆಕ್ಸಿಲರೇಟರ್ ಒತ್ತಿದಾಗ ಕೀಚ್ ಎನ್ನುವ ಸದ್ದು ಬರುತ್ತದೆ. ಹೀಗಿದ್ದರೆ ಬೆಲ್ಟ್ ಬಿಗಿ ಮಾಡಿ. ಅತಿ ಉದ್ದದ ಭಾಗದ ನಡುವೆ ಒತ್ತಿದಾಗ ಅರ್ಧ ಇಂಚು ಬಗ್ಗಬೇಕು. ಅದಕ್ಕಿಂತ ಬಿಗಿ ಮಾಡಿದರೆ ಡೈನಮೋದ ಬೇರಿಂಗ್ ತಿನ್ನುತ್ತದೆ.

ಇನ್ನೊಂದು ವಿಷಯ. ಹಿಂದಿನ ಮಾಲೀಕರು ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಿದ್ದಾರಾ ನೋಡಿ. ಸಾಮಾನ್ಯ ಆಲ್ಟರ್ನೇಟರಿನ ಹಿಂದೆ ಕೇಬಲ್ ಸಿಕ್ಕಿಸಲು ಜಾಗವೇ ಇಲ್ಲ. ಆಗ ಮೀಟರ್ ಕೆಟ್ಟಿಲ್ಲ, ಅದಕ್ಕೆ ಕೂಳೇ ಸಿಗುತ್ತಿಲ್ಲ. ಡೈನಮೋದಂತೆಯೇ ಕಾಣುವ, ಹಿಂದೆ ಕೇಬಲ್ ಡ್ರೈವ್ ಇರುವ ಆಲ್ಟರ್ನೇಟರುಗಳು ಸಿಗುತ್ತವೆ. ಅಥವಾ ಹಳೆಯ ಮುಖ ಹಾಗೇ ಇಟ್ಟು, ಮೀಟರಿನ ಒಳಗೆ ಎಲೆಕ್ಟ್ರಾನಿಕ್ ಯಂತ್ರ ಕೂರಿಸಿಕೊಡುವವರಿದ್ದಾರೆ.

ಹಂತ 2: ನಡುವೆ ಕಳಚಿ ನೋಡುವ ಪರೀಕ್ಷೆ

ಇಡೀ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಸ್ಪೀಡೋಮೀಟರಿಗೆ ಇಲ್ಲದ ಒಂದು ಅನುಕೂಲ ಇಲ್ಲಿದೆ. ಕಾರು ನಿಂತಲ್ಲೇ ಪರೀಕ್ಷೆ ಮಾಡಬಹುದು.

ಮೊದಲು ಬ್ಯಾಟರಿ ಬಿಚ್ಚಿ. ಎಂಜಿಎಯಲ್ಲಿ ಅದು ಸೀಟುಗಳ ಹಿಂದೆ ಇರುತ್ತದೆ, ಆರು ವೋಲ್ಟಿನ ಎರಡು ಬ್ಯಾಟರಿ. ಕಾರ್ಖಾನೆಯಿಂದ ಬಂದಾಗ ಈ ಕಾರಿನ ಬಾಡಿಯ ಲೋಹಕ್ಕೆ ಬ್ಯಾಟರಿಯ ಪಾಸಿಟಿವ್ ಸೇರಿರುತ್ತಿತ್ತು, ನಮ್ಮ ಈಗಿನ ಕಾರುಗಳಿಗೆ ಉಲ್ಟಾ. ಆಮೇಲೆ ಯಾರಾದರೂ ಬದಲಾಯಿಸಿರಲೂಬಹುದು. ಬಾಡಿಯ ಲೋಹಕ್ಕೆ ಯಾವ ತುದಿ ಹೋಗುತ್ತದೋ ಅದನ್ನು ಬಿಚ್ಚಿ. ಉಂಗುರ, ವಾಚ್ ತೆಗೆದಿಡಿ. ಡ್ಯಾಶ್‌ಬೋರ್ಡಿನ ಹಿಂದೆ ಬೋಳು ತುದಿಗಳು ಬೇಕಾದಷ್ಟಿವೆ.

ಈಗ ಮೀಟರಿನ ಹಿಂದಿನ ನಟ್ಟನ್ನು ಬೆರಳಲ್ಲೇ ತಿರುಗಿಸಿ ಬಿಚ್ಚಿ. ಬರದಿದ್ದರೆ ಬಟ್ಟೆ ಸುತ್ತಿ ಇಕ್ಕಳದಿಂದ ಮೆತ್ತಗೆ ತಿರುಗಿಸಿ. ನಟ್ಟೇ ಸಡಿಲವಾಗಿ ನೇತಾಡುತ್ತಿದ್ದರೆ ನಿಮ್ಮ ಅದೃಷ್ಟ, ಅದನ್ನು ಬಿಗಿ ಮಾಡಿ ನೋಡಿ, ಅಲ್ಲಿಗೇ ಮುಗಿಯಬಹುದು.

ಕೇಬಲ್ ಕಳಚಿದ ಮೇಲೆ ಅದರ ತುದಿ ವೈರುಗಳಿಗೆ ತಾಕದಂತೆ ಇಳಿಬಿಟ್ಟು ಬ್ಯಾಟರಿ ಮತ್ತೆ ಜೋಡಿಸಿ. ಕಾರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಗ್ಯಾರೇಜಿನ ಬಾಗಿಲು ತೆರೆದಿರಲಿ. ಒಬ್ಬರು ಎಂಜಿನ್ ಸ್ಟಾರ್ಟ್ ಮಾಡಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಇನ್ನರಿನ ತುದಿ ನೋಡಲಿ. ಬೆರಳಿನಿಂದ ಮುಟ್ಟಬೇಡಿ.

ಇನ್ನರ್ ಒಂದೇ ಸಮ ತಿರುಗುತ್ತಿದೆಯಾ? ಹಾಗಾದರೆ ಎಂಜಿನ್ ಬದಿ, ಕೇಬಲ್ ಎರಡೂ ಬದುಕಿವೆ. ಯಾವ ದಿಕ್ಕಿಗೆ ತಿರುಗುತ್ತದೆ ಅಂತ ಬರೆದಿಟ್ಟುಕೊಳ್ಳಿ, ಮುಂದೆ ಬೇಕು. ಇನ್ನರ್ ಔಟರಿನಿಂದ ಎಷ್ಟು ಹೊರಗೆ ಚಾಚಿದೆ ಅಂತ ಎಂಜಿನ್ ಆಫ್ ಮಾಡಿ ಅಳೆಯಿರಿ. ಸ್ಮಿತ್ಸ್ ಕೇಬಲ್ಲಿಗೆ ಸುಮಾರು ಮೂರೆಂಟಾಂಶ ಇಂಚು, ಅಂದರೆ ಒಂಬತ್ತು-ಹತ್ತು ಮಿಲಿಮೀಟರ್ ಇರಬೇಕು. ಕಮ್ಮಿ ಇದ್ದರೆ ನನ್ನ ಕತೆಯೇ ನಿಮ್ಮದೂ. ಜಾಸ್ತಿ ಇದ್ದರೆ ಇನ್ನೂ ಕೆಟ್ಟದ್ದು. ನಟ್ಟು ಬಿಗಿ ಮಾಡಿದಾಗ ಇನ್ನರ್ ಮೀಟರಿನ ಒಳಗಿನ ಅಯಸ್ಕಾಂತವನ್ನು ಮೇಲಕ್ಕೆ ಒತ್ತಿ ಹಾಳು ಮಾಡುತ್ತದೆ.

ಇನ್ನರ್ ತಿರುಗುತ್ತಿಲ್ಲವಾ? ಮೀಟರಿನ ಸುದ್ದಿಗೆ ಹೋಗಲೇಬೇಡಿ. ಮುಂದಿನ ಹಂತಕ್ಕೆ ಬನ್ನಿ.

ಹಂತ 3: ಕೇಬಲ್

ಎಂಜಿನ್ ಆಫ್ ಮಾಡಿ, ಬ್ಯಾಟರಿ ಮತ್ತೆ ಬಿಚ್ಚಿ, ಮೀಟರ್ ಬದಿಯಿಂದ ಇನ್ನರನ್ನು ಎಳೆಯಿರಿ. ಅರ್ಧವೇ ಕೈಗೆ ಬಂದರೆ ತುಂಡಾಗಿದೆ. ಆದರೆ ಹೊಸ ಕೇಬಲ್ ತರಲು ಓಡಬೇಡಿ. ಕೇಬಲ್ ಸುಮ್ನೆ ತುಂಡಾಗುವುದು ಕಮ್ಮಿ. ಎರಡು ತುದಿಗಳಲ್ಲಿ ಯಾವುದೋ ಒಂದು ಬಿಗಿ ಹಿಡಿದಾಗ ತುಂಡಾಗುವುದೇ ಜಾಸ್ತಿ. ಹಳೇ ಇನ್ನರಿನ ಚೌಕ ತುದಿಯನ್ನು ಮೀಟರಿನ ತೂತಿಗೆ ಹಾಕಿ ಬೆರಳಿನಿಂದ ತಿರುಗಿಸಿ. ಬೆಣ್ಣೆಯಂತೆ ತಿರುಗಬೇಕು. ಎಂಜಿನ್ ಬದಿಯನ್ನೂ ಹಾಗೆಯೇ ನೋಡಿ. ಇದನ್ನು ಮಾಡದೆ ಹೊಸ ಕೇಬಲ್ ಹಾಕಿದವರು ಮುಂದಿನ ವಾರ ಮತ್ತೊಂದು ಕೇಬಲ್ ಕೊಳ್ಳುತ್ತಾರೆ.

ಇನ್ನರ್ ಇಡಿಯಾಗಿ ಬಂದರೆ ಒರೆಸಿ, ಸೀಮೆಎಣ್ಣೆಯಲ್ಲಿ ತೊಳೆಯಿರಿ. ಎರಡೂ ತುದಿ ಎರಡು ಕೈಯಲ್ಲಿ ಹಿಡಿದು ತೋರಣದಂತೆ ಇಳಿಬಿಡಿ. ಒಂದು ತುದಿಯನ್ನು ಬೆರಳಲ್ಲಿ ನಿಧಾನ ಹೊಸೆಯಿರಿ. ಇನ್ನೊಂದು ಬದಿ ಅಷ್ಟೇ ನಯವಾಗಿ ತಿರುಗಿದರೆ ಸರಿ. ತಡೆದು ತಡೆದು ಚಂಗನೆ ಹಾರಿದರೆ ಎಲ್ಲೋ ಮುರುಟಿದೆ. ಮುರುಟಿದ ಇನ್ನರನ್ನು ನೆಟ್ಟಗೆ ಮಾಡಲು ಹೋಗಬೇಡಿ, ಬರುವುದಿಲ್ಲ. ಮುಳ್ಳು ಗಡಗಡ ನಡುಗುವುದಕ್ಕೆ, ಡ್ಯಾಶ್‌ಬೋರ್ಡಿನಿಂದ ಟಿಕ್ ಟಿಕ್ ಸದ್ದು ಬರುವುದಕ್ಕೆ ನಾನು ಕಂಡಂತೆ ಮೊದಲ ಕಾರಣ ಇದೇ. ಚೌಕ ತುದಿಗಳ ಮೂಲೆ ಸವೆದು ಗುಂಡಗಾಗಿದ್ದರೂ ಬದಲಾಯಿಸಿ.

ಔಟರಿನ ದಾರಿಯನ್ನೂ ನೋಡಿ. ಯಾವ ತಿರುವೂ ಆರು ಇಂಚಿನ ತ್ರಿಜ್ಯಕ್ಕಿಂತ ಬಿಗಿ ಇರಬಾರದು. ಎರಡೂ ತುದಿಗಳ ಹತ್ತಿರ ಎರಡು ಇಂಚು ನೇರವಾಗಿಯೇ ಇರಬೇಕು. ರೇಡಿಯೋ ಕೂರಿಸಿದವರು, ಹೀಟರ್ ರಿಪೇರಿ ಮಾಡಿದವರು ಕೇಬಲ್ಲನ್ನು ಮಡಚಿ ಹಿಂದಕ್ಕೆ ತುರುಕಿರುತ್ತಾರೆ. ಎಕ್ಸಾಸ್ಟ್ ಪೈಪಿಗೆ ತಾಗಿ ಒಳಪದರ ಕರಗಿದ್ದನ್ನೂ ಕಂಡಿದ್ದೇನೆ.

ಈಗ ಗ್ರೀಸ್. ಇಲ್ಲಿ ನಮ್ಮವರ ಕೈ ದೊಡ್ಡದು. ಬೇಕಾದದ್ದು ಬೆರಳ ತುದಿಯಿಂದ ಸವರಿದಷ್ಟು ತೆಳು ಗ್ರೀಸ್. ಮೀಟರ್ ಕಡೆಯ ಕೊನೆಯ ಎಂಟು ಇಂಚಿಗೆ ಗ್ರೀಸ್ ಹಚ್ಚಬೇಡಿ, ಒರೆಸಿದ ಹಾಗೆ ಬಿಡಿ. ಎಣ್ಣೆಯನ್ನಂತೂ ಹಾಕಲೇಬೇಡಿ. ಇನ್ನರ್ ಅಂದರೆ ಸುರುಳಿ ಸುತ್ತಿದ ತಂತಿ ಅಲ್ವಾ, ತಿರುಗುವಾಗ ಅದು ಸ್ಕ್ರೂನಂತೆ ಎಣ್ಣೆಯನ್ನು ಮೇಲಕ್ಕೆ ಸಾಗಿಸುತ್ತದೆ. ನೇರ ಮೀಟರಿನೊಳಗೆ! ಎಂಜಿನ್ ಬದಿಯ ಆಯಿಲ್ ಸೀಲ್ ಹೋದ ಪೋರ್ಶೆ, ಟ್ರಯಂಫ್ ಕಾರುಗಳಲ್ಲಿ ಇದು ತಾನಾಗಿಯೂ ಆಗಬಹುದು. ಆಗ ಸೀಲ್ ಬದಲಾಯಿಸದೆ ಮೀಟರ್ ಎಷ್ಟು ಸಲ ತೊಳೆದರೂ ಉಪಯೋಗವಿಲ್ಲ. ಡೈನಮೋದಿಂದ ಹೊರಡುವ ಎಂಜಿಎಯ ಕೇಬಲ್ಲಿಗೆ ಎಂಜಿನ್ ಆಯಿಲ್ ಬರುವ ದಾರಿಯೇ ಇಲ್ಲ. ಅದರ ಮೀಟರಿನಲ್ಲಿ ಎಣ್ಣೆ ಸಿಕ್ಕರೆ ಯಾರೋ ಪುಣ್ಯಾತ್ಮರು ಸುರಿದಿದ್ದಾರೆ ಅಂತ ಅರ್ಥ.

ಹಂತ 4: ಎಂಜಿನ್ ಬದಿಯ ಡ್ರೈವ್

ಕೇಬಲ್ ಚೆನ್ನಾಗಿದೆ, ಆದರೂ ತಿರುಗುತ್ತಿಲ್ಲ. ಆಗ ಡೈನಮೋದ ಹಿಂದೆ ಕೇಬಲ್ಲನ್ನು ಪೂರ್ತಿ ಕಳಚಿ. ಬ್ಯಾಟರಿ ಜೋಡಿಸಿ ಎಂಜಿನ್ ಐಡ್ಲಿಂಗಿನಲ್ಲಿ ಓಡುವಾಗ, ಬೆಲ್ಟಿನಿಂದ ದೂರ ನಿಂತು ಟಾರ್ಚ್ ಹಾಕಿ. ಗೇರ್ ಪೆಟ್ಟಿಗೆಯ ಚೌಕ ತೂತು ತಿರುಗದಿದ್ದರೆ ಕಳ್ಳ ಸಿಕ್ಕಿದ. ಪೆಟ್ಟಿಗೆ ಬಿಚ್ಚಿದರೆ ಸಾಮಾನ್ಯವಾಗಿ ಕಾಣುವುದು ಅರವತ್ತು ವರ್ಷ ಹಳೆಯ, ಮೇಣದಂತೆ ಗಟ್ಟಿಯಾದ ಗ್ರೀಸ್. ತೊಳೆದು, ಹಲ್ಲುಗಳನ್ನು ನೋಡಿ, ಹೊಸ ಗ್ರೀಸ್ ತುಂಬಿ. ಹಲ್ಲು ಸವೆದಿದ್ದರೆ ಬದಲಿ ಪೆಟ್ಟಿಗೆಯೇ ಗತಿ. ಪೆಟ್ಟಿಗೆ ಸರಿ ಇದ್ದರೆ ಡೈನಮೋ ಶಾಫ್ಟಿನ ತುದಿ ಅದಕ್ಕೆ ಸರಿಯಾಗಿ ಕೂರುತ್ತಿದೆಯಾ ನೋಡಿ.

ಡಿಸ್ಟ್ರಿಬ್ಯೂಟರಿನಿಂದ ಬರುವ ಕಾರುಗಳಲ್ಲಿ ಪಕ್ಕದ ಸಣ್ಣ ಗೇರಿಗೂ ಇದೇ ಕತೆ. ಡಿಸ್ಟ್ರಿಬ್ಯೂಟರನ್ನೇ ಹೊರಗೆ ತೆಗೆಯುವುದಾದರೆ ಮೊದಲು ಗುರುತು ಹಾಕಿ. ಇಲ್ಲದಿದ್ದರೆ ಮೀಟರ್ ಸರಿ ಮಾಡಲು ಹೋಗಿ ಟೈಮಿಂಗ್ (ಪ್ಲಗ್‌ನಲ್ಲಿ ಕಿಡಿ ಹಾರುವ ಹೊತ್ತು) ಕೆಡಿಸಿಕೊಳ್ಳುತ್ತೀರಿ.

ಹಂತ 5: ಡ್ರಿಲ್ ಪರೀಕ್ಷೆ

ಕೇಬಲ್ ತಿರುಗುತ್ತಿದೆ, ಮೀಟರ್ ಮಾತ್ರ ತಪ್ಪು ತೋರಿಸುತ್ತಿದೆ. ಈಗ ಮೀಟರನ್ನು ಹೊರಗೆ ತೆಗೆಯುವ ಹಕ್ಕು ನಿಮಗೆ ಬಂದಿದೆ. ಬ್ಯಾಟರಿ ಬಿಚ್ಚಿಯೇ ತೆಗೆಯಿರಿ. ವೈರುಗಳ ಫೋಟೋ ತೆಗೆದುಕೊಳ್ಳಿ.

ಮೊದಲು ಒಂದು ಲೆಕ್ಕ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಎಂಜಿನ್ನನ್ನು ಕೈಯಿಂದ ತಿರುಗಿಸಿ. ಕ್ರ್ಯಾಂಕ್ ಪುಲ್ಲಿ (ಎಂಜಿನ್ನಿನ ಮುಖ್ಯ ಶಾಫ್ಟಿನ ಪುಲ್ಲಿ) ಹತ್ತು ಸುತ್ತು ಬರುವಾಗ ಇನ್ನರ್ ಎಷ್ಟು ಸುತ್ತು ಬಂತು ಎಣಿಸಿ. ತುದಿಗೆ ಒಂದು ಚೂರು ಟೇಪ್ ಅಂಟಿಸಿದರೆ ಎಣಿಸುವುದು ಸುಲಭ. ಐದು ಸುತ್ತು ಬಂತು ಅನ್ನೋಣ. ಅಂದರೆ ಕೇಬಲ್ ಎಂಜಿನ್ನಿನ ಅರ್ಧ ವೇಗದಲ್ಲಿ ಓಡುತ್ತದೆ. ಆಗ ಕೇಬಲ್ಲಿಗೆ ನಿಮಿಷಕ್ಕೆ 1000 ಸುತ್ತು ಕೊಟ್ಟರೆ ಮೀಟರ್ 2000 ತೋರಿಸಬೇಕು.

ಹಳೇ ಇನ್ನರಿನ ಒಂದು ತುಂಡನ್ನು ಡ್ರಿಲ್ಲಿಗೆ ಸಿಕ್ಕಿಸಿ, ಚೌಕ ತುದಿಯನ್ನು ಮೀಟರಿಗೆ ಹಾಕಿ, ಆಗ ಬರೆದಿಟ್ಟ ದಿಕ್ಕಿಗೇ ನಿಧಾನವಾಗಿ ತಿರುಗಿಸಿ. ಉಲ್ಟಾ ತಿರುಗಿಸಿದರೆ ಮುಳ್ಳು ಸೊನ್ನೆಯ ಕಡ್ಡಿಗೆ ಒತ್ತಿಕೊಳ್ಳುತ್ತದೆ. ಡ್ರಿಲ್ಲಿನ ವೇಗ ತಿಳಿಯಲು ಬೆಳಕು ಬಿಟ್ಟು ಅಳೆಯುವ ಡಿಜಿಟಲ್ ಟ್ಯಾಕೋಮೀಟರ್ ಒಂದಿರಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ಅದರ ಹೊಳೆಯುವ ಟೇಪನ್ನು ಡ್ರಿಲ್ಲಿನ ಚಕ್‌ಗೆ (ಬಿಟ್ ಹಿಡಿಯುವ ಬಾಯಿಗೆ) ಅಂಟಿಸಿ. ಮೂರು ಬೇರೆ ಬೇರೆ ವೇಗದಲ್ಲಿ ಅಳೆದು ಬರೆದುಕೊಳ್ಳಿ.

ಆ ಮೂರು ಅಂಕಿ ಬಹಳಷ್ಟು ಹೇಳುತ್ತವೆ. ಎಲ್ಲ ಕಡೆ ಒಂದೇ 300 ಜಾಸ್ತಿ ತೋರಿಸಿದರೆ ಮುಳ್ಳು ತನ್ನ ಕಡ್ಡಿಯ ಮೇಲೆ ಜಾಗ ತಪ್ಪಿದೆ, ಅಥವಾ ಸ್ಪ್ರಿಂಗಿನ ಬುಡ ಸರಿದಿದೆ. 1000ಕ್ಕೆ 100, 2000ಕ್ಕೆ 200, 3000ಕ್ಕೆ 300 ಕಮ್ಮಿ ಅಂತ ಏರುತ್ತ ಹೋದರೆ ಅಯಸ್ಕಾಂತ ಸೋತಿದೆ, ಇಲ್ಲವೇ ಬೇರೆ ಕಾರಿನ ಮೀಟರ್ ಬಂದು ಕೂತಿದೆ. ಡ್ರಿಲ್ಲಿನಲ್ಲಿ ಸರಿ ಇದ್ದು ಕಾರಿನಲ್ಲಿ ಮಾತ್ರ ತಪ್ಪಾದರೆ ಮೀಟರಿಗೆ ಕೈಮುಗಿದು ಬೆಲ್ಟ್, ಪುಲ್ಲಿಗಳತ್ತ ಹೋಗಿ. ಡೈನಮೋಗೆ ಬೇರೆ ಅಳತೆಯ ಪುಲ್ಲಿ ಹಾಕಿದ್ದರೆ ಎಂಜಿಎಯ ಮೀಟರ್ ಸರಿ ತೋರಿಸುವುದೇ ಇಲ್ಲ.

ಹಂತ 6: ಮೀಟರ್ ಬಿಚ್ಚುವುದು

ಮೊದಲು ಎಚ್ಚರಿಕೆ. ಕತ್ತಲಲ್ಲಿ ಹೊಳೆಯಲಿ ಅಂತ 1950ರ ದಶಕದ ಮತ್ತು ಅದಕ್ಕೂ ಹಿಂದಿನ ಕೆಲವು ಮೀಟರುಗಳ ಮುಳ್ಳಿಗೆ, ಅಂಕಿಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಹೊಳಪು ಹೋದರೂ ವಿಕಿರಣ ಹೋಗುವುದಿಲ್ಲ. ಕಂದು ಬಣ್ಣಕ್ಕೆ ತಿರುಗಿದ, ಪುಡಿಯಾಗುವ ದಪ್ಪ ಬಣ್ಣ ಕಂಡರೆ ಕೆರೆಯಬೇಡಿ, ಊದಬೇಡಿ. ಮುಚ್ಚಿ ಪರಿಣತರ ಕೈಗೆ ಕೊಡಿ.

ಗಾಜಿನ ಸುತ್ತಲ ರಿಂಗನ್ನು ನನ್ನ ಹಾಗೆ ಎಬ್ಬಿಸಬೇಡಿ. ಸ್ಮಿತ್ಸ್ ಮೀಟರಿನಲ್ಲಿ ರಿಂಗಿನ ಒಳಗೆ ಸಣ್ಣ ನಾಲಿಗೆಗಳಿವೆ, ಡಬ್ಬಿಯ ಅಂಚಿನಲ್ಲಿ ಅದಕ್ಕೆ ತಕ್ಕ ಸೀಳುಗಳಿವೆ. ತಿರುಗಿಸಿದರೆ ಎರಡೂ ಎದುರುಬದುರಾಗಿ ರಿಂಗ್ ಎದ್ದು ಬರುತ್ತದೆ. ಹಳೇ ರಬ್ಬರ್ ಅಂಟಿಕೊಂಡಿದ್ದರೆ ಹೇರ್ ಡ್ರೈಯರ್ ಬಿಸಿ ಕೊಟ್ಟು ಅಂಗೈಯಿಂದ ತಿರುಗಿಸಿ. ಹಿಂದಿನ ಸ್ಕ್ರೂಗಳನ್ನು ಬಿಚ್ಚಿದರೆ ಯಂತ್ರ ಹೊರಬರುತ್ತದೆ. ಮುಳ್ಳು ಕೀಳುವ ಅಗತ್ಯ ಬಹಳ ಸಲ ಇರುವುದೇ ಇಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಎರಡೇ. ಒಂದು, ಶುಚಿ ಮಾಡುವುದು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ತೆಳು ಕಾಗದದ ಚೂರಿನಿಂದ ಕಪ್ ಮತ್ತು ಅಯಸ್ಕಾಂತದ ಸಂದಿನ ಗ್ರೀಸ್ ತೆಗೆಯಿರಿ. ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಹಿಡಿದಿದ್ದರೆ ಸೆಲ್ಲೋಟೇಪ್ ಒತ್ತಿ ಎತ್ತಿ. ಎರಡು, ಎಣ್ಣೆ. ಚಳಿಯ ಬೆಳಗ್ಗೆ ಡ್ಯಾಶ್‌ಬೋರ್ಡಿನಿಂದ ಕಿರ್ರೋ ಅನ್ನುವ ಕೂಗು ಬರುತ್ತಿದ್ದರೆ ಅಯಸ್ಕಾಂತದ ಶಾಫ್ಟ್ ಒಣಗಿದೆ. ಕೇಬಲ್ ಸೇರುವ ಕೊಳವೆಯ ಬಳಿ ಶಾಫ್ಟಿಗೆ ಗಡಿಯಾರದ ಎಣ್ಣೆ, ಸಿಗದಿದ್ದರೆ ಹೊಲಿಗೆ ಮೆಷಿನ್ ಎಣ್ಣೆ. ಸೂಜಿ ಮೊನೆಯಲ್ಲಿ ಒಂದೇ ಹನಿ.

ಸ್ಪ್ರಿಂಗನ್ನು ಮುಟ್ಟಬೇಡಿ. ಅದು ಒಮ್ಮೆ ಸೊಟ್ಟಾದರೆ ಮನೆಯಲ್ಲಿ ಸರಿಯಾಗದು. ಬಲವಾದ ಆಯಸ್ಕಾಂತವಿರುವ ಸ್ಕ್ರೂಡ್ರೈವರನ್ನೂ ಹತ್ತಿರ ತರಬೇಡಿ. ಅಯಸ್ಕಾಂತಕ್ಕೆ ಮತ್ತೆ ಬಲ ತುಂಬುವುದು, ಸ್ಪ್ರಿಂಗ್ ಹೊಂದಿಸುವುದು ಮೀಟರ್ ರಿಪೇರಿಯವರ ಕೆಲಸ. ಕೊಡುವಾಗ ನಿಮ್ಮ ಮೂರು ಅಂಕಿಗಳನ್ನೂ, ಕೇಬಲ್ಲಿನ ಸುತ್ತಿನ ಲೆಕ್ಕವನ್ನೂ ಒಂದು ಚೀಟಿಯಲ್ಲಿ ಬರೆದು ಕೊಡಿ. ಅವರ ಕೆಲಸ ಅರ್ಧ ಮುಗಿದ ಹಾಗೆ.

ವಾಪಸ್ ಜೋಡಿಸುವಾಗ

ಮೊದಲು ಇನ್ನರ್ ಎಂಜಿನ್ ಬದಿಯ ತೂತಿಗೆ ಕೂರಬೇಕು. ಮೇಲಿನಿಂದ ಬೆರಳಲ್ಲಿ ತಿರುಗಿಸುತ್ತ ಒತ್ತಿ, ಟಕ್ಕನೆ ಇಳಿಯುತ್ತದೆ, ಕೈಗೆ ಗೊತ್ತಾಗುತ್ತದೆ. ಆಮೇಲೆ ಮತ್ತೆ ಒಂಬತ್ತು-ಹತ್ತು ಮಿಲಿಮೀಟರ್ ಅಳೆಯಿರಿ. ಮೀಟರಿನ ನಟ್ಟನ್ನು ಬೆರಳಲ್ಲಿ ಬಿಗಿ ಮಾಡಿದರೆ ಸಾಕು, ಇಕ್ಕಳ ಬೇಡ. ನಟ್ಟು ಪೂರ್ತಿ ಕೂರದೆ ಮೊದಲೇ ತಡೆದರೆ ಬಲ ಹಾಕಬೇಡಿ, ಚೌಕ ಚೌಕಕ್ಕೆ ಸೇರಿಲ್ಲ. ಬಿಚ್ಚಿ, ಇನ್ನರನ್ನು ಸ್ವಲ್ಪ ತಿರುಗಿಸಿ ಮತ್ತೆ ಹಾಕಿ. ಎಂಜಿನ್ ಸ್ಟಾರ್ಟ್ ಮಾಡಿ, ಐಡ್ಲಿಂಗಿನಲ್ಲಿ ಐದು ನಿಮಿಷ ಬಿಟ್ಟು, ಆಮೇಲಷ್ಟೇ ಆಕ್ಸಿಲರೇಟರ್ ಒತ್ತಿ. ಎರಡು-ಮೂರು ದಿನ ಓಡಿಸಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ.

ತೆಗೆದ ಹಳೇ ಇನ್ನರನ್ನು ಬಿಸಾಡಬೇಡಿ. ಚೌಕ ತುದಿ ಚೆನ್ನಾಗಿರುವ ಕಡೆ ನಾಲ್ಕು ಇಂಚು ಕತ್ತರಿಸಿ. ಹುರಿ ಬಿಚ್ಚಿಕೊಳ್ಳದಂತೆ, ಕತ್ತರಿಸುವ ಮೊದಲೇ ಆ ಜಾಗಕ್ಕೆ ಸೀಸದ ಬೆಸುಗೆ ಹಾಕಿಕೊಳ್ಳಿ. ಆ ತುಂಡನ್ನು ಡ್ರಿಲ್ ಪೆಟ್ಟಿಗೆಯಲ್ಲೇ ಇಡಿ. ಪಕ್ಕದ ಮನೆಯವರ ಅಂಬಾಸಿಡರ್ ಸ್ಪೀಡೋಮೀಟರ್ ನಿಂತಾಗಲೂ ಅದು ಬೇಕಾಗುತ್ತದೆ.